ಎಳೆ ತಪ್ಪಿದರೆ

ಹೋದದ್ದು, ನಿಜ ಹೇಳಬೇಕೆಂದರೆ, ಹತ್ತು ಅಂಕಕ್ಕೆ.
ಸ್ಪರ್ಧೆಯ ಫಾರಂನಲ್ಲಿ ಏಳನೇ ಕಲಮು:
ಕಿರಿಯರಿಗೆ ಕಲಿಸಿದ್ದೀರಾ? ಹೌದಾದರೆ ಫೋಟೋ ಲಗತ್ತಿಸಿ.
ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಬಸ್ಸು.
ತೌಸೀಫನ ತೊಡೆಯ ಮೇಲೆ ಷೂ ಡಬ್ಬಿ,
ಡಬ್ಬಿಯಲ್ಲಿ ನಮ್ಮ ಗಾಡಿ,
ನನ್ನ ಕೈಯಲ್ಲಿ ಬ್ಯಾಟರಿ, ಕಪ್ಪು ಟೇಪು,
ಬಾಯಲ್ಲಿ ಉರು ಹೊಡೆದ ಭಾಷಣ:
ಮಕ್ಕಳೇ, ರೋಬೋಟ್ ಎಂದರೇನು?

ಶಾಲೆಯ ಬೆನ್ನಿಗೇ ನೂಲು ಬಿಚ್ಚುವ ಮನೆಗಳು.
ಬೇಯುವ ಗೂಡಿನ ವಾಸನೆ ಕಿಟಕಿ ಹತ್ತಿ ಬಂದು
ಹಾಜರಿ ಕೂಗುವ ಮೊದಲೇ ಕೂತುಬಿಟ್ಟಿತ್ತು.
ಬಿಂದುಶ್ರೀ ಕರ್ಚೀಫು ತೆಗೆದಳು.
ಮೂರನೇ ಕ್ಲಾಸು ಪೂರ್ತಿ ಅವಳನ್ನೇ ನೋಡಿತು.
ಕರ್ಚೀಫು ವಾಪಸು ಜೇಬಿಗೆ ಹೋಯಿತು.

ಆಮೇಲೆ ನೆಲ ನೋಡಿದೆವು. ಕಡಪ ಕಲ್ಲು.
ಬರಿಗಾಲು ತಿಕ್ಕಿ ತಿಕ್ಕಿ ಎಣ್ಣೆಗಪ್ಪಾದ ಕಲ್ಲು.
ನಮ್ಮ ಗಾಡಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ,
ಬಿಳಿ ನೆಲದ ಮೇಲೆ ಕಪ್ಪು ಗೆರೆ ಹಿಡಿದು ನಡೆಯುವುದು.
ಲ್ಯಾಬಿನ ಟೈಲ್ಸಿನ ಮೇಲೆ ಹುಟ್ಟಿ ಬೆಳೆದದ್ದು, ಪಾಪ.
ಬಿಟ್ಟರೆ ಇದ್ದಲ್ಲೇ ಗಿರಗಿರ ಸುತ್ತಿ
ಮೇಷ್ಟ್ರ ಕುರ್ಚಿಯ ಕಾಲಿಗೆ ಗುದ್ದಿ ಸುಮ್ಮನಾಯಿತು.
ನಗೆಯ ಸದ್ದಿನಲ್ಲಿ ನನ್ನ ಭಾಷಣದ ಎರಡನೇ ಸಾಲು ಹಾರಿಹೋಯಿತು.

"ಸೀಮೆಸುಣ್ಣ ಇದೆಯಲ್ಲಕ್ಕಾ."
ಮುಬೀನಾ. ಒಂದು ಜಡೆಗೆ ಮಾತ್ರ ರಿಬ್ಬನ್ನು.
ಯಾರನ್ನೂ ಕೇಳದೆ ಎದ್ದು ಬಂದು
ಕುಕ್ಕರಗಾಲಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಎಳೆದಳು ಗೆರೆ,
ಬೆಂಚಿನಡಿಯಿಂದ, ನೀರಿನ ಕ್ಯಾನು ಬಳಸಿ,
ಮಲಗಿದ್ದ ನಾಯಿಮರಿಗೊಂದು ಸುತ್ತು ಕೊಟ್ಟು.
ಅಷ್ಟರಲ್ಲಿ ತೌಸೀಫ್ ಲ್ಯಾಪ್‌ಟಾಪಿನಲ್ಲಿ
ಕಪ್ಪಿದ್ದಲ್ಲಿ ಬಿಳಿ ಮಾಡಿದ, ಬಿಳಿಯಿದ್ದಲ್ಲಿ ಕಪ್ಪು.
ತಿರುಗಿಸಿದ್ದು ಒಂದೇ ಒಂದು ಚಿಹ್ನೆ.

ಹೊರಟಿತು.
ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ತೂಗುತ್ತ.
ಅದು ನಮಗೆ ಯಾವತ್ತೂ ನಾಚಿಕೆ.
ಬೇರೆ ತಂಡದವರ ಗಾಡಿ ಸೂಜಿಯ ಹಾಗೆ ನೆಟ್ಟಗೆ ಹೋಗುತ್ತೆ.
"ಲೇ, ಹಣ್ಣಾದ ಹುಳ ಕಣ್ರೋ!"
ಹಿಂದಿನ ಸಾಲಿನಿಂದ ಮುನಿಶಾಮಿ.
"ಚಂದ್ರಿಕೆಗೆ ಬಿಟ್ಟರೆ ಹಿಂಗೇ ಆಡುತ್ತೆ.
ತಲೆ ಆಡಿಸದಿದ್ರೆ ಗೂಡು ಹೆಂಗೆ ಕಟ್ಟುತ್ತೆ?"
ಮೂವತ್ತೊಂದು ತಲೆಗಳು ಆಡಿಸಿ ತೋರಿಸಿದವು.
ಆ ಅಲುಗಾಟಕ್ಕೆ ನಮ್ಮ ಪುಸ್ತಕದಲ್ಲಿದ್ದ ಹೆಸರು
ದೋಷ. ನಾನು ಹೇಳಲಿಲ್ಲ.

ಹೊಸ್ತಿಲ ಬಳಿ ಸೀಮೆಸುಣ್ಣ ಮುಗಿದಿತ್ತು.
ಗಾಡಿಯೂ ನಿಂತಿತು.
"ಯಾಕೆ ನಿಂತಿತು?"
"ಗೆರೆ ಸಿಗಲಿಲ್ಲ. ಸಿಗದಿದ್ದರೆ ನಿಲ್ಲು ಅಂತ ಬರೆದಿದೆ."
"ಯಾರು ಬರೆದಿದ್ದು?"
"ನಾನೇ."
ಮುಬೀನಾ ನನ್ನ ಮುಖ ನೋಡಿದಳು,
ತಪ್ಪು ಲೆಕ್ಕದ ಮೇಲೆ ಪೆನ್ನು ಹಿಡಿದವರ ಹಾಗೆ.
"ನಮ್ಮ ನಾನಿ ದಿನಾ ಬಿಸಿನೀರಲ್ಲಿ ಕೈಯಿಟ್ಟಿರ್ತಾಳೆ.
ಎಳೆ ಕಿತ್ತರೆ ನಿಲ್ಲಲ್ಲ, ಹುಡುಕ್ತಾಳೆ.
ಈ ಕಡೆ, ಆ ಕಡೆ.
ಎಲ್ಲಿಗೆ ಹೋಗುತ್ತೆ ಅಕ್ಕಾ, ನೀರಲ್ಲೇ ಇರುತ್ತಲ್ಲ."

ವಾಪಸು ಬಸ್ಸಿನಲ್ಲಿ ಲ್ಯಾಪ್‌ಟಾಪಿಗೆ ಹನ್ನೊಂದು ಪರ್ಸೆಂಟು ಜೀವ.
ಹಳ್ಳ ಬಂದಾಗಲೆಲ್ಲ ಒಂದಕ್ಷರ ತಪ್ಪಿ, ಅಳಿಸಿ,
ಬರೆದೆ: ಸಿಗದಿದ್ದರೆ ಹತ್ತು ಡಿಗ್ರಿ ಎಡ,
ಇಪ್ಪತ್ತು ಬಲ, ನಲವತ್ತು ಎಡ,
ಸಿಗುವವರೆಗೆ.
ಆ ತುಣುಕಿಗೊಂದು ಹೆಸರಿಡಬೇಕಿತ್ತು. ನಾನಿ ಎಂದಿಟ್ಟೆ.

ಫೋಟೋ ನೋಡಿ ನಾಗವೇಣಿ ಮಿಸ್ ಗೊಣಗಿದರು.
ಒಂದಾದರೂ ಮುಖ ಕಾಣಬಾರದಾ?
ಎಲ್ಲರೂ ನೆಲಕ್ಕೆ ಬಗ್ಗಿದ್ದರು. ಬರೀ ಬೈತಲೆಗಳು,
ಎಣ್ಣೆ ಹಚ್ಚಿದ ಕಪ್ಪಿನ ನಡುವೆ ಬಿಳೀ ಗೆರೆಗಳು.
ಅದನ್ನೇ ಲಗತ್ತಿಸಿದೆವು.

ಇನ್ನೊಂದು ತೊಂದರೆ ಉಳಿದಿದೆ, ಹೊಸ್ತಿಲು.
ಮುಬೀನಾಳ ಗೆರೆ ಅವಳ ಮನೆತನಕ ಹೋಗಬೇಕಿತ್ತಂತೆ.
ನಮ್ಮ ಚಕ್ರ ಅಷ್ಟೆತ್ತರ ಹತ್ತುವುದಿಲ್ಲ.
ಶನಿವಾರ ದೊಡ್ಡ ಚಕ್ರ ತರುತ್ತೇವೆ ಎಂದು ಬಂದಿದ್ದೇವೆ.
ಫಾರಂನಲ್ಲಿ ಅದಕ್ಕೆ ಕಲಮಿಲ್ಲ.